ಒಂದು ಬಂಡೆ, ಎರಡು ‘ಅಂತೆ’

‘ಹತ್ತಕೂಡದು’ ಎನ್ನುವುದಕ್ಕೂ ‘ಹತ್ತದಿರಿ’ ಎನ್ನುವುದಕ್ಕೂ ಇರುವ ಅಂತರವನ್ನು ಕನ್ನಡ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಮೊದಲನೆಯದು ಗೋಡೆಯ ಮೇಲೆ ಬರೆದ ಮಾತು. ಅದನ್ನು ಹೇಳಿದವರು ಯಾರು ಎಂದು ಹುಡುಕಿದರೆ ಸಿಗುವುದಿಲ್ಲ. ಎರಡನೆಯದಕ್ಕೆ ಎದುರಿಗೆ ಒಬ್ಬ ಕೇಳುಗ ಬೇಕು. ಅವನಿಗೆ ಹತ್ತುವ ಶಕ್ತಿಯಿದೆ, ಹತ್ತುವ ಸ್ವಾತಂತ್ರ್ಯವೂ ಇದೆ ಎಂದು ಒಪ್ಪಿಕೊಂಡ ಮೇಲೆಯೇ ಆ ಮಾತು ಹುಟ್ಟುತ್ತದೆ. ಆಜ್ಞೆ, ಅಪ್ಪಣೆ, ಹಾರೈಕೆ, ಆಶೀರ್ವಾದಗಳನ್ನೆಲ್ಲ ಶಾಲೆಯ ವ್ಯಾಕರಣದಲ್ಲಿ ವಿಧ್ಯರ್ಥ ಎಂಬ ಒಂದೇ ಹೆಸರಿನಡಿ ಓದಿದ್ದೇವೆ. ಆಡುವಾಗ ಮಾತ್ರ ಯಾರೂ ಅವನ್ನು ಬೆರೆಸುವುದಿಲ್ಲ.

ಈ ಅಂತರದ ಮೇಲೆಯೇ ನಿಂತಿರುವ ಒಂದು ಸರ್ಕಾರಿ ಪಠ್ಯವನ್ನು ಕುರಿತು ಇಲ್ಲಿ ಬರೆಯುತ್ತಿದ್ದೇನೆ. ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ‘ಡೆವಿಲ್ಸ್ ಟವರ್’ ಎಂಬ ಬಂಡೆಗೋಪುರವಿದೆ. ಬಂಡೆ ಹತ್ತುವವರಿಗಾಗಿ ಅಲ್ಲಿನ ರಾಷ್ಟ್ರೀಯ ಉದ್ಯಾನ ಸೇವೆ 1995ರಲ್ಲಿ ಒಂದು ನಿರ್ವಹಣಾ ಯೋಜನೆ ಪ್ರಕಟಿಸಿತು. ಜೂನ್ ತಿಂಗಳಲ್ಲಿ ದಯವಿಟ್ಟು ಈ ಬಂಡೆಯನ್ನು ಹತ್ತಬೇಡಿ ಎಂಬುದು ಅದರ ಅತಿ ಮುಖ್ಯವಾದ ಮಾತು. ಹತ್ತಿದರೆ ದಂಡವಿಲ್ಲ, ತಡೆಯುವವರೂ ಇಲ್ಲ. ಸರ್ಕಾರ ತನ್ನದೇ ನೆಲದಲ್ಲಿ ನಿಂತು ಕೈಮುಗಿದು ಕೇಳಿಕೊಂಡ ಅಪರೂಪದ ಪಠ್ಯ ಇದು.

ಸಾಹಿತ್ಯ ಪತ್ರಿಕೆಯಲ್ಲಿ ಆಡಳಿತದ ಕಡತಕ್ಕೇನು ಕೆಲಸ ಎಂದು ಕೇಳಬಹುದು. ಸ್ಥಳಪುರಾಣಗಳನ್ನು ಓದುವ ಸಂಶೋಧನಾ ವಿದ್ಯಾರ್ಥಿಯಾಗಿ ನನಗೆ ಇದರಲ್ಲಿ ಎರಡು ಕುತೂಹಲಗಳಿವೆ. ಒಂದು, ಒಂದು ಜನಪದ ಕಥೆ ನೇರವಾಗಿ ನಿಯಮವೊಂದರ ಕಾರಣವಾಗಿ ನಿಂತ ಕೆಲವೇ ಸಂದರ್ಭಗಳಲ್ಲಿ ಇದೂ ಸೇರಿದೆ. ಇನ್ನೊಂದು, ಆ ನಿಯಮದ ಬಲವೂ ದೌರ್ಬಲ್ಯವೂ ಅದರ ವಾಕ್ಯರಚನೆಯಲ್ಲೇ ಇವೆ. ಯಾರು, ಯಾರ ಪರವಾಗಿ, ಯಾರಿಗೆ ಹೇಳುತ್ತಿದ್ದಾರೆ ಎಂಬ ಪ್ರಶ್ನೆಯನ್ನು ಕಾದಂಬರಿಯ ನಿರೂಪಕನಿಗೆ ಹಾಕುತ್ತೇವೆ. ಅದನ್ನು ನಿಯಮದ ಪಠ್ಯಕ್ಕೂ ಹಾಕಬಹುದು, ಹಾಕಲೇಬೇಕು ಎಂಬುದು ನನ್ನ ವಾದ.

ಮೊದಲು ಬಂಡೆಯ ವಿಚಾರ. ಬುಡದಿಂದ ನೆತ್ತಿಗೆ 867 ಅಡಿ. ಬಯಲಿನ ನಡುವೆ ಒಮ್ಮೆಲೇ ಎದ್ದು ನಿಂತಿರುವ ಈ ಗೋಪುರ, ಅಗ್ನಿಶಿಲೆ ತಣಿಯುವಾಗ ಬಿರಿದು ಉಂಟಾದ ಉದ್ದನೆಯ ಕಂಬಗಳ ಕಟ್ಟು. ಕಂಬ ಕಂಬದ ನಡುವೆ ಮೇಲಿಂದ ಕೆಳಗಿನವರೆಗೆ ನೇರವಾದ ಬಿರುಕುಗಳಿವೆ. 1977ರಲ್ಲಿ ಸ್ಟೀವನ್ ಸ್ಪಿಲ್‌ಬರ್ಗ್ ತನ್ನ ಅನ್ಯಗ್ರಹಜೀವಿಗಳ ಸಿನಿಮಾದಲ್ಲಿ ಇದನ್ನು ತೋರಿಸಿದ ಮೇಲೆ ಲೋಕಕ್ಕೆಲ್ಲ ಇದರ ಮುಖಪರಿಚಯವಾಯಿತು. ‘ದೆವ್ವದ ಗೋಪುರ’ ಎಂಬ ಹೆಸರು 1875ರಲ್ಲಿ ಕರ್ನಲ್ ರಿಚರ್ಡ್ ಡಾಜ್ ನೇತೃತ್ವದ ಸೇನಾ ತಂಡದಿಂದ ಬಂದದ್ದು. ಸ್ಥಳೀಯರು ಇದನ್ನು ಕೆಟ್ಟ ದೇವರ ಗೋಪುರ ಎನ್ನುತ್ತಾರೆ ಎಂದು ಅವರು ಬರೆದುಕೊಂಡರು. ಆದರೆ ಲಕೋಟ, ಶೈಯೆನ್, ಕ್ರೋ, ಅರಾಪಹೊ, ಕಯೋವಾ ಮುಂತಾದ ಮೂಲನಿವಾಸಿಗಳು ಇಟ್ಟುಕೊಂಡಿರುವ ಹೆಸರುಗಳಲ್ಲಿ ಹೆಚ್ಚಿನವು ಕರಡಿಯ ಸುತ್ತ ಇವೆ: ಕರಡಿಯ ಮನೆ, ಕರಡಿಯ ಗುಡಿಸಲು, ಕರಡಿಯ ಬಿಡಾರ. ಹೆಸರನ್ನು ಬದಲಿಸಿ ಎಂದು ಅವರು ಕೇಳಿದಾಗಲೆಲ್ಲ, ಬದಲಿಸಬಾರದು ಎಂಬ ಮಸೂದೆ ಹಿಡಿದು ವಯೋಮಿಂಗಿನ ಜನಪ್ರತಿನಿಧಿಗಳು ಎದ್ದು ನಿಂತಿದ್ದಾರೆ.

ಬಿಳಿಯರು ಈ ಬಂಡೆಯ ಜೊತೆ ಬೆಳೆಸಿದ ಸಂಬಂಧ ಹತ್ತುವುದರಿಂದಲೇ ಶುರುವಾಯಿತು. 1893ರ ಜುಲೈ 4ರಂದು, ಅಂದರೆ ಅಮೆರಿಕದ ಸ್ವಾತಂತ್ರ್ಯ ದಿನದಂದು, ಇಬ್ಬರು ಸ್ಥಳೀಯ ರೈತಾಪಿಗಳು ಬಿರುಕಿನೊಳಗೆ ಮರದ ಗೂಟಗಳನ್ನು ಬಡಿದು ಏಣಿ ಮಾಡಿ, ನೆರೆದ ಜಾತ್ರೆಯ ಎದುರು ನೆತ್ತಿ ಮುಟ್ಟಿ ಬಾವುಟ ಹಾರಿಸಿದರು. 1906ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಇದನ್ನು ದೇಶದ ಮೊದಲ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದ. 1937ರಲ್ಲಿ ಫ್ರಿಟ್ಸ್ ವೀಸ್ನರ್ ತಂಡ ಏಣಿಯ ಹಂಗಿಲ್ಲದೆ ಹತ್ತಿತು. 1941ರಲ್ಲಿ ಒಬ್ಬಾತ ಪ್ಯಾರಾಚೂಟಿನಲ್ಲಿ ನೆತ್ತಿಯ ಮೇಲೆ ಇಳಿದು, ಕೆಳಗೆ ಬರುವ ದಾರಿ ಕಾಣದೆ ಆರು ದಿನ ಅಲ್ಲೇ ಕುಳಿತ. ಆಮೇಲೆ ಹತ್ತುವುದು ಹವ್ಯಾಸವಾಯಿತು, ತಂಡಗಳು ಬಂದವು, ಹಣ ಪಡೆದು ಹತ್ತಿಸುವ ಮಾರ್ಗದರ್ಶಕರೂ ಬಂದರು. 1973ರಲ್ಲಿ 312 ಇದ್ದ ಹತ್ತುವವರ ಸಂಖ್ಯೆ ತೊಂಬತ್ತರ ದಶಕಕ್ಕೆ ವರ್ಷಕ್ಕೆ ಆರು ಸಾವಿರ ದಾಟಿತು. ಇನ್ನೂರ ಇಪ್ಪತ್ತಕ್ಕೂ ಹೆಚ್ಚು ದಾರಿಗಳು ಗುರುತಾಗಿ, ಬಂಡೆಯಲ್ಲಿ ಸುಮಾರು ಆರುನೂರು ಲೋಹದ ಬೋಲ್ಟುಗಳು ಕೂತವು.

ಅದೇ ಬಂಡೆಯ ಬುಡದಲ್ಲಿ ಇನ್ನೊಂದು ಬಗೆಯ ಜನ ಬರುತ್ತಿದ್ದರು. ಮರಗಳಿಗೆ ಹರಕೆಯ ಬಟ್ಟೆ ಕಟ್ಟುವವರು, ಉಪವಾಸವಿದ್ದು ದರ್ಶನಕ್ಕಾಗಿ ಕಾಯುವವರು, ಜೂನ್ ತಿಂಗಳ ದೀರ್ಘ ಹಗಲಿನ ಹೊತ್ತಿಗೆ ಸೂರ್ಯನೃತ್ಯ ನಡೆಸುವವರು. ಅವರು ಕಣ್ಣೆತ್ತಿದರೆ ಹಗ್ಗ, ಕಿವಿಗೊಟ್ಟರೆ ಸುತ್ತಿಗೆ. ಇಡೀ ಪ್ರಕರಣದ ಬೀಜ ಇರುವುದು ಇಲ್ಲಿ.

ಈಗ ಕಥೆ. ಕಯೋವಾ ಮೂಲದ ಲೇಖಕ ಎನ್. ಸ್ಕಾಟ್ ಮೊಮಡೆ 1969ರಲ್ಲಿ ‘ದಿ ವೇ ಟು ರೇನಿ ಮೌಂಟನ್’ ಎಂಬ ಪುಟ್ಟ ಪುಸ್ತಕ ಪ್ರಕಟಿಸಿದ. ಅದೇ ವರ್ಷ ಅವನ ಕಾದಂಬರಿಗೆ ಪುಲಿಟ್ಜರ್ ಬಂದಿತ್ತು. ಅವನ ಕಯೋವಾ ಹೆಸರಿನ ಅರ್ಥ ‘ಬಂಡೆಮರದ ಹುಡುಗ’. ಆ ಬಂಡೆಮರ ಎಂದರೆ ಇದೇ ಗೋಪುರ. ಆ ಪುಸ್ತಕದ ಪೀಠಿಕೆಯಲ್ಲಿ ಅಜ್ಜಿ ಹೇಳಿದ ಕಥೆಯೊಂದು ಬರುತ್ತದೆ. ಏಳು ಅಕ್ಕತಂಗಿಯರು, ಒಬ್ಬ ತಮ್ಮ ಆಡುತ್ತಿದ್ದರಂತೆ. ಇದ್ದಕ್ಕಿದ್ದಂತೆ ತಮ್ಮನಿಗೆ ಮಾತು ನಿಂತು, ಮೈಯೆಲ್ಲ ರೋಮ ಬೆಳೆದು, ಅವನು ಕರಡಿಯಾದನಂತೆ. ಹುಡುಗಿಯರು ಓಡಿದರು, ಕರಡಿ ಬೆನ್ನಟ್ಟಿತು. ದಾರಿಯಲ್ಲೊಂದು ದೊಡ್ಡ ಮರದ ಬೊಡ್ಡೆ ಅವರನ್ನು ಕರೆದು ಹತ್ತಿಕೊಳ್ಳಿ ಎಂದಿತಂತೆ. ಹತ್ತಿದ ಕೂಡಲೇ ಬೊಡ್ಡೆ ಆಕಾಶಕ್ಕೆ ಬೆಳೆಯತೊಡಗಿತು. ಕರಡಿ ಮುಟ್ಟಲಾಗದೆ ಸುತ್ತಲೂ ಉಗುರಿನಿಂದ ಗೀರಿತು. ಹುಡುಗಿಯರು ಮೇಲೇರಿ ನಕ್ಷತ್ರಗಳಾದರು. ನಾವು ಸಪ್ತರ್ಷಿಮಂಡಲ ಎನ್ನುವ ಏಳು ಚುಕ್ಕೆಗಳೇ ಅವರು. ಇದೇ ಕಥೆಯ ಬೇರೆ ಹೇಳಿಕೆಗಳಲ್ಲಿ ಅವರು ಕೃತ್ತಿಕೆಯರು.

ಈ ಕಥೆಯನ್ನು ‘ಪವಿತ್ರ ಸ್ಥಳದ ಐತಿಹ್ಯ’ ಎಂದು ಹಣೆಪಟ್ಟಿ ಹಚ್ಚಿ ಮುಂದೆ ಹೋದರೆ ಅದರ ಒಳಗಿನ ಇಕ್ಕಟ್ಟು ಕಾಣುವುದಿಲ್ಲ. ಇದು ಹತ್ತುವುದರ ಬಗ್ಗೆಯೇ ಇರುವ ಕಥೆ. ಬೊಡ್ಡೆ ಹುಡುಗಿಯರನ್ನು ತಾನೇ ಕರೆದಿದೆ. ಹತ್ತಲಾಗದೆ ಉಳಿದವನು ಮನೆಯವನೇ, ಒಡಹುಟ್ಟಿದವನೇ. ಅವನ ಉಗುರಿನ ಗೀರುಗಳೇ ಕಂಬಗಳ ನಡುವಿನ ಬಿರುಕುಗಳು. ಇಂದು ಹತ್ತುವವರು ಅಂಗೈ ತೂರಿಸಿ, ಮುಷ್ಟಿ ಬಿಗಿದು, ಬೆರಳು ಸಿಕ್ಕಿಸಿ ಮೇಲೇರುವುದು ಅದೇ ಬಿರುಕುಗಳಲ್ಲಿ. ಕಥೆಯ ಲೆಕ್ಕದಲ್ಲಿ ಹತ್ತುವವನ ಕೈ ಇರುವುದು ಕರಡಿಯ ಉಗುರು ಆಡಿದ ಜಾಗದಲ್ಲಿ, ಅಣ್ಣತಮ್ಮ ಅಕ್ಕತಂಗಿ ಎಂಬ ಬಂಧ ಹರಿದ ಗಾಯದಲ್ಲಿ. ಇಷ್ಟು ತಿಳಿದ ಮೇಲೆ ‘ಹತ್ತಬಹುದೇ’ ಎಂಬ ಪ್ರಶ್ನೆಯ ಜೊತೆಗೆ ‘ಕರೆ ಬಂದಿದೆಯೇ’ ಎಂಬ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ನಿಷೇಧದ ಭಾಷೆಗೆ ಈ ಎರಡನೆಯ ಪ್ರಶ್ನೆ ಅರ್ಥವಾಗುವುದಿಲ್ಲ.

ಮೊಮಡೆಯ ಪುಸ್ತಕದ ಕಟ್ಟಡವೂ ಇಲ್ಲಿ ನೆನಪಾಗಬೇಕು. ಪೀಠಿಕೆ ಮುಗಿದ ಮೇಲೆ ಅದರ ಒಂದೊಂದು ಭಾಗದಲ್ಲೂ ಮೂರು ದನಿಗಳಿವೆ: ಬುಡಕಟ್ಟಿನ ಕಥೆ, ಇತಿಹಾಸದ ಟಿಪ್ಪಣಿ, ಲೇಖಕನ ಸ್ವಂತ ನೆನಪು. ಒಂದು ಇನ್ನೊಂದನ್ನು ಸರಿಪಡಿಸುವುದಿಲ್ಲ, ಸುಳ್ಳೆನ್ನುವುದಿಲ್ಲ, ಅಕ್ಕಪಕ್ಕ ಕೂರುತ್ತದೆ. ಒಂದೇ ನೆಲಕ್ಕೆ ಹಲವು ದನಿಗಳ ಹಕ್ಕಿರುವಾಗ ಹೇಗೆ ಬರೆಯಬೇಕು ಎಂಬುದಕ್ಕೆ ಸಾಹಿತ್ಯ ಕಂಡುಕೊಂಡ ಒಂದು ಉತ್ತರ ಅದು.

ಆಡಳಿತಕ್ಕೆ ಅಂಥ ಅನುಕೂಲವಿಲ್ಲ. ಅದು ಒಂದು ತೀರ್ಮಾನ ಬರೆಯಬೇಕು. 1995ರ ಯೋಜನೆ ರೂಪಿಸುವಾಗ ಉದ್ಯಾನ ಸೇವೆ ಒಂದು ಮಾತುಕತೆಯ ಗುಂಪು ಕಟ್ಟಿತ್ತು. ಮೂಲನಿವಾಸಿಗಳು, ಹತ್ತುವವರ ಸಂಘಟನೆಗಳು, ಪರಿಸರದವರು, ಸ್ಥಳೀಯ ಆಡಳಿತದವರು ಅಲ್ಲಿ ಒಟ್ಟಿಗೆ ಕೂತಿದ್ದರು. ಯೋಜನೆ ಆ ಕೂತದ್ದರ ಫಲ. ಅದರಲ್ಲಿ ಮೂರು ಬಗೆಯ ನಿಯಮಗಳಿವೆ. ಹೊಸ ಬೋಲ್ಟು ಹೊಡೆಯಕೂಡದು, ಹಳೆಯದು ಸಡಿಲವಾದರೆ ಬದಲಿಸಬಹುದು. ಬೆಟ್ಟದ ಫಾಲ್ಕನ್ ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಗೂಡಿನ ಹತ್ತಿರದ ದಾರಿಗಳಲ್ಲಿ ಹತ್ತಕೂಡದು. ಮೂರನೆಯದು ಜೂನ್ ತಿಂಗಳಿನ ವಿನಂತಿ: ಮೂಲನಿವಾಸಿಗಳ ಶ್ರದ್ಧೆಗೆ ಗೌರವ ತೋರಿ ಸ್ವಇಚ್ಛೆಯಿಂದ ದೂರವಿರಿ.

ಬಂಡೆಗೆ ಕಾನೂನು, ಹಕ್ಕಿಗೆ ಕಾನೂನು, ಮನುಷ್ಯರಿಗೆ ಮಾತ್ರ ವಿನಂತಿ. ಮೊದಲ ಓದಿಗೆ ಇದು ಅವಮಾನದಂತೆ ಕಾಣುತ್ತದೆ. ಪ್ರಾರ್ಥನೆಗೆ ಕುಳಿತವರಿಗಿಂತ ಮೊಟ್ಟೆಗೆ ಕುಳಿತ ಹಕ್ಕಿಗೆ ಹೆಚ್ಚು ರಕ್ಷಣೆ ಎಂದು ಯಾರಾದರೂ ಸಿಟ್ಟಾದರೆ ಆ ಸಿಟ್ಟು ನ್ಯಾಯವಾದದ್ದೇ. ಆದರೆ ಈ ವ್ಯತ್ಯಾಸ ಎಲ್ಲಿಂದ ಬಂತು ಎಂದು ನೋಡಿದರೆ ಅಮೆರಿಕದ ಸಂವಿಧಾನದ ಬಾಗಿಲಿಗೆ ಬಂದು ನಿಲ್ಲುತ್ತೇವೆ. ಅದರ ಮೊದಲ ತಿದ್ದುಪಡಿ ಪ್ರಕಾರ ಸರ್ಕಾರ ಯಾವ ಧರ್ಮವನ್ನೂ ತನ್ನದಾಗಿಸಿಕೊಳ್ಳುವಂತಿಲ್ಲ. ಹಕ್ಕಿಯ ಗೂಡು ಇದೆ ಎಂದು ಸರ್ಕಾರ ತಾನೇ ಹೇಳಬಹುದು. ಬಂಡೆ ಪವಿತ್ರ ಎಂದು ತಾನೇ ಹೇಳುವಂತಿಲ್ಲ. ಇನ್ನೊಂದು ಕಡೆ, 1988ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಕ್ಯಾಲಿಫೋರ್ನಿಯಾದ ಒಂದು ಕಾಡಿನ ಪ್ರಕರಣದಲ್ಲಿ, ಮೂಲನಿವಾಸಿಗಳಿಗೆ ಪವಿತ್ರವಾದ ಜಾಗದಲ್ಲಿ ರಸ್ತೆ ಮಾಡುವುದನ್ನು ಧಾರ್ಮಿಕ ಸ್ವಾತಂತ್ರ್ಯದ ಹೆಸರಲ್ಲಿ ತಡೆಯಲಾಗದು ಎಂದಿತ್ತು. ನೆಲ ಸರ್ಕಾರದ್ದು, ಆದ್ದರಿಂದ ಬಳಕೆಯ ತೀರ್ಮಾನವೂ ಸರ್ಕಾರದ್ದು ಎಂಬುದು ಅದರ ಸಾರ. ಹೀಗಾಗಿ ಮೂಲನಿವಾಸಿಗಳು ಹಕ್ಕಿನ ದಾರಿಯಲ್ಲಿ ಹೋದರೆ ಒಂದು ಗೋಡೆ, ಸರ್ಕಾರ ಅನುಗ್ರಹದ ದಾರಿಯಲ್ಲಿ ಹೋದರೆ ಇನ್ನೊಂದು ಗೋಡೆ.

ಈ ಎರಡು ಗೋಡೆಗಳ ನಡುವಿನ ಸಂದಿ ಎಷ್ಟು ಕಿರಿದು ಎಂಬುದು ಮರುವರ್ಷವೇ ಗೊತ್ತಾಯಿತು. ಯೋಜನೆಯ ಮೊದಲ ರೂಪದಲ್ಲಿ ಜೂನ್ ತಿಂಗಳಲ್ಲಿ ಹಣ ಪಡೆದು ಹತ್ತಿಸುವ ಮಾರ್ಗದರ್ಶಕರಿಗೆ ಪರವಾನಗಿ ಕೊಡುವುದಿಲ್ಲ ಎಂದಿತ್ತು. ಹತ್ತುವವರ ಪರ ನಿಂತ ಒಂದು ಸಂಘ ನ್ಯಾಯಾಲಯಕ್ಕೆ ಹೋಯಿತು. 1996ರಲ್ಲಿ ನ್ಯಾಯಾಧೀಶ ವಿಲಿಯಂ ಡೌನ್ಸ್ ಆ ಭಾಗಕ್ಕೆ ತಡೆ ಕೊಟ್ಟರು. ಸರ್ಕಾರ ಅದನ್ನು ಕೈಬಿಟ್ಟು ಬರೀ ವಿನಂತಿಯನ್ನು ಉಳಿಸಿಕೊಂಡಿತು. 1998ರಲ್ಲಿ ಅವರೇ, ಉಳಿದ ವಿನಂತಿ ಸಂವಿಧಾನಬದ್ಧ ಎಂದು ತೀರ್ಪಿತ್ತರು. ಮೇಲ್ಮನವಿಯಲ್ಲೂ ಅದು ನಿಂತಿತು. ಅಂದರೆ ಈ ನಿಯಮ ಬದುಕಿದ್ದೇ ಅದು ನಿಯಮವಲ್ಲದ ಕಾರಣಕ್ಕೆ. ‘ಕೂಡದು’ ಎಂದಿದ್ದರೆ ಸಾಯುತ್ತಿತ್ತು, ‘ದಯವಿಟ್ಟು’ ಎಂದದ್ದಕ್ಕೆ ಉಳಿಯಿತು.

ಇಲ್ಲಿ ಕನ್ನಡದ ಒಂದು ಪುಟ್ಟ ಪ್ರತ್ಯಯ ನನಗೆ ನೆರವಿಗೆ ಬರುತ್ತದೆ: ‘ಅಂತೆ’. ಈ ಯೋಜನೆಯನ್ನು ಕನ್ನಡಕ್ಕೆ ತರುವುದಾದರೆ ಪ್ರತಿ ಮುಖ್ಯ ವಾಕ್ಯದ ಕೊನೆಯಲ್ಲೂ ‘ಅಂತೆ’ ಬರಬೇಕು. ಬಂಡೆ ಪವಿತ್ರವಂತೆ. ಜೂನ್ ಅವರಿಗೆ ಮುಖ್ಯವಂತೆ. ಹತ್ತುವುದು ಅವರ ಆಚರಣೆಗೆ ಅಡ್ಡಿಯಂತೆ. ಆದ್ದರಿಂದ ದಯವಿಟ್ಟು. ಸರ್ಕಾರ ಇಲ್ಲಿ ನಂಬುವವನಲ್ಲ, ನಂಬಿಕೆಯ ವರದಿಗಾರ. ಬೇರೆಯವರ ಮಾತನ್ನು ತಲುಪಿಸಿ ಪಕ್ಕಕ್ಕೆ ಸರಿಯುವವನು.

ಆದರೆ ಅಜ್ಜಿಯ ಕಥೆಯೂ ನಡೆಯುವುದು ‘ಅಂತೆ’ಯಲ್ಲೇ. ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ ಎನ್ನುವಾಗ ಅಜ್ಜಿ ತನಗೆ ಗೊತ್ತಿಲ್ಲವೆಂದು ಕೈತೊಳೆದುಕೊಳ್ಳುತ್ತಿಲ್ಲ. ತನಗೆ ಹೇಳಿದವರು ಇದ್ದರು, ಅವರಿಗೆ ಹೇಳಿದವರೂ ಇದ್ದರು, ಈಗ ನೀನೂ ಆ ಸಾಲಿಗೆ ಬಾ ಎಂದು ಸೇರಿಸಿಕೊಳ್ಳುತ್ತಿದ್ದಾಳೆ. ಅಜ್ಜಿಯ ‘ಅಂತೆ’ ಕೊಂಡಿ ಹಾಕುತ್ತದೆ, ಕಚೇರಿಯ ‘ಅಂತೆ’ ಕೊಂಡಿ ಕಳಚುತ್ತದೆ. ಒಂದೇ ಬಂಡೆಯ ಮೇಲೆ ಈ ಎರಡೂ ‘ಅಂತೆ’ಗಳು ಬಿದ್ದಿವೆ. ಇಡೀ ಪ್ರಯೋಗದ ಅದೃಷ್ಟ ಹತ್ತುವವನ ಕಿವಿಗೆ ಯಾವ ‘ಅಂತೆ’ ಕೇಳಿಸಿತು ಎಂಬುದರ ಮೇಲೆ ನಿಂತಿದೆ.

ಮೊದಲ ವರ್ಷಗಳಲ್ಲಿ ಕೇಳಿಸಿತು. ವಿನಂತಿ ಜಾರಿಗೆ ಬಂದ ಮೊದಲ ಜೂನ್‌ನಲ್ಲೇ ಹತ್ತುವವರ ಸಂಖ್ಯೆ ಸುಮಾರು ಶೇಕಡ 85ರಷ್ಟು ಇಳಿಯಿತು. ದಂಡವಿಲ್ಲ, ಕಾವಲಿಲ್ಲ, ಆದರೂ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಜನ ಕೇಳಿದರು. ಮನುಷ್ಯ ಶಿಕ್ಷೆಯ ಭಯಕ್ಕಷ್ಟೇ ಬಾಗುತ್ತಾನೆ ಎಂಬ ನಮ್ಮ ಆಡಳಿತದ ನಂಬಿಕೆಗೆ ಇದೊಂದು ದೊಡ್ಡ ಉತ್ತರ. ಹತ್ತುವವರ ಸಂಘಟನೆಗಳೂ ಮಾತುಕತೆಯಲ್ಲಿ ಇದ್ದದ್ದರಿಂದ ವಿನಂತಿ ಹೊರಗಿನಿಂದ ಬಿದ್ದ ಹೊರೆಯಾಗಲಿಲ್ಲ. ಅವರು ತಮ್ಮವರಿಗೆ ತಾವೇ ಹೇಳಿಕೊಂಡರು. ಆದರೆ ವರ್ಷಗಳು ಕಳೆದಂತೆ ಜೂನ್‌ನ ಸಂಖ್ಯೆ ನಿಧಾನವಾಗಿ ಮತ್ತೆ ಏರತೊಡಗಿತು. ಹೊಸ ತಲೆಮಾರಿನ ಹತ್ತುವವರು ಆ ಮೇಜಿನ ಸುತ್ತ ಕೂತಿರಲಿಲ್ಲ. ಅವರಿಗೆ ಉಳಿದದ್ದು ನೋಂದಣಿಯ ಕೋಣೆಯ ಒಂದು ಸೂಚನೆ, ಅಂದರೆ ಕಚೇರಿಯ ‘ಅಂತೆ’. ಮಾತುಕತೆಯನ್ನು ಪ್ರತಿ ತಲೆಮಾರಿಗೂ ಮತ್ತೆ ನಡೆಸದಿದ್ದರೆ ವಿನಂತಿ ಸವೆಯುತ್ತದೆ. ಕಾನೂನನ್ನು ಒಮ್ಮೆ ಬರೆದಿಟ್ಟರೆ ಸಾಕು. ವಿನಂತಿಗೆ ಕಥೆಯಂತೆ ಮತ್ತೆ ಮತ್ತೆ ಹೇಳುವವರು ಬೇಕು.

ಇನ್ನೂ ಆಳದ ತೊಡಕೊಂದಿದೆ. ವಿನಂತಿ ಯಾರದು? ಮೂಲನಿವಾಸಿಗಳದ್ದು ಎನ್ನುತ್ತೇವೆ. ಆದರೆ ಕೇಳುವ ಬಾಯಿ ಸರ್ಕಾರದ್ದು. ಈ ಗೋಪುರ ನಿಂತಿರುವುದು ಬ್ಲ್ಯಾಕ್ ಹಿಲ್ಸ್‌ನ ಅಂಚಿನಲ್ಲಿ. ಆ ಬೆಟ್ಟಸೀಮೆಯನ್ನು 1868ರ ಒಪ್ಪಂದ ಮುರಿದು 1877ರಲ್ಲಿ ಲಕೋಟರಿಂದ ಕಿತ್ತುಕೊಳ್ಳಲಾಯಿತು. 1980ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಪರಿಹಾರ ಕೊಡಬೇಕೆಂದಾಗ ಲಕೋಟರು ಹಣ ಮುಟ್ಟಲಿಲ್ಲ. ಅವರು ಕೇಳಿದ್ದು ನೆಲವನ್ನು. ‘ಸಾರ್ವಜನಿಕ ಭೂಮಿ’ ಎಂಬ ಸುಂದರ ಪದದ ಅಡಿಪಾಯದಲ್ಲಿ ಈ ಕಥೆಯೂ ಇದೆ. ಎಲ್ಲರಿಗೂ ಸೇರಿದ್ದು ಎಂದು ಘೋಷಿಸುವ ಮೊದಲು ಅದು ಕೆಲವರಿಗೆ ಸೇರಿದ್ದಾಗಿತ್ತು. ಕಸಿದುಕೊಂಡವನೇ ಕಳೆದುಕೊಂಡವರ ಪರವಾಗಿ ‘ದಯವಿಟ್ಟು’ ಎನ್ನುವಾಗ ಆ ಮಾತಿನ ಮೃದುತನ ನನಗೆ ಪೂರ್ತಿ ಸೌಜನ್ಯವಾಗಿ ಕೇಳಿಸುವುದಿಲ್ಲ.

ಈ ತೊಡಕಿಗೆ ಆಸ್ಟ್ರೇಲಿಯಾದ ಉಲುರು ಒಂದು ಹೋಲಿಕೆ ಒದಗಿಸುತ್ತದೆ. 1985ರ ಅಕ್ಟೋಬರ್ 26ರಂದು ಆ ಕೆಂಪು ಬಂಡೆಯ ಒಡೆತನವನ್ನು ಅನಂಗು ಜನರಿಗೆ ಹಿಂದಿರುಗಿಸಲಾಯಿತು. ಅವರು ಅದನ್ನು 99 ವರ್ಷಕ್ಕೆ ಸರ್ಕಾರಕ್ಕೆ ಗುತ್ತಿಗೆ ಕೊಟ್ಟರು. ಹತ್ತುವುದು ಮುಂದುವರಿಯಿತು. ಆದರೆ ದಯವಿಟ್ಟು ಹತ್ತಬೇಡಿ ಎಂಬ ಫಲಕ ಅನಂಗು ಜನರ ಹೆಸರಿನಲ್ಲೇ ಬುಡದಲ್ಲಿ ನಿಂತಿತ್ತು. ಹತ್ತುವ ದಾರಿ ಅವರ ಪೂರ್ವಜರು ನಡೆದ ದಾರಿ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನನ್ನನ್ನು ಹೆಚ್ಚು ತಟ್ಟುತ್ತದೆ: ಬಂದವರು ನಮ್ಮ ಅತಿಥಿಗಳು, ಅವರು ಬಿದ್ದು ಸತ್ತರೆ ಆ ದುಃಖ ನಮ್ಮದು. ದಶಕಗಳಲ್ಲಿ ಮೂವತ್ತಕ್ಕೂ ಹೆಚ್ಚು ಜನ ಅಲ್ಲಿ ಸತ್ತಿದ್ದರು. 2010ರ ಯೋಜನೆಯಲ್ಲಿ, ಹತ್ತುವವರ ಪ್ರಮಾಣ ಶೇಕಡ 20ಕ್ಕಿಂತ ಇಳಿದರೆ ಹತ್ತುವುದನ್ನು ನಿಲ್ಲಿಸಬಹುದು ಎಂಬ ಷರತ್ತೂ ಇತ್ತು. ಅದು ಇಳಿಯಿತು. 2017ರಲ್ಲಿ ಅನಂಗು ಬಹುಮತದ ಮಂಡಳಿ ತೀರ್ಮಾನಿಸಿತು. 2019ರ ಅಕ್ಟೋಬರ್ 26ರಂದು, ಭೂಮಿ ಹಿಂದಿರುಗಿದ ದಿನಕ್ಕೆ ಸರಿಯಾಗಿ 34 ವರ್ಷಕ್ಕೆ, ದಾರಿ ಮುಚ್ಚಿತು.

ಇಲ್ಲಿ ‘ಹತ್ತದಿರಿ’ ಮೊದಲು ಬಂತು, ‘ಹತ್ತಕೂಡದು’ ಆಮೇಲೆ. ವಿನಂತಿ ಮೂರು ದಶಕ ಜನರ ಮನಸ್ಸಿನಲ್ಲಿ ಕೆಲಸ ಮಾಡಿದ ಮೇಲೆ ಕಾನೂನು ಬಂದು ಮೊಹರು ಒತ್ತಿತು. ಎರಡನ್ನೂ ಹೇಳಿದ್ದು ಒಂದೇ ಬಾಯಿ. ಕೊನೆಯ ದಿನಗಳಲ್ಲಿ ಮುಚ್ಚುವ ಮೊದಲು ಹತ್ತಿಬಿಡೋಣ ಎಂದು ಉದ್ದನೆಯ ಸಾಲು ನಿಂತಿತ್ತು ಎಂಬುದನ್ನೂ ಮರೆಯಬಾರದು. ನಿಷೇಧ ಸ್ವಲ್ಪ ಮಟ್ಟಿಗೆ ಆಸೆಯನ್ನೂ ಹುಟ್ಟಿಸುತ್ತದೆ.

ನಮ್ಮ ಹತ್ತಿರದ ಉದಾಹರಣೆ ಕಾಂಚನಜುಂಗಾ. 1955ರ ಮೇ 25ರಂದು ಜೋ ಬ್ರೌನ್ ಮತ್ತು ಜಾರ್ಜ್ ಬ್ಯಾಂಡ್ ಲೋಕದ ಮೂರನೆಯ ಎತ್ತರದ ಶಿಖರವನ್ನು ತಲುಪಿ, ನೆತ್ತಿಗೆ ಕೆಲವೇ ಅಡಿ ಉಳಿದಿರುವಾಗ ನಿಂತುಬಿಟ್ಟರು. ನೆತ್ತಿಯನ್ನು ತುಳಿಯುವುದಿಲ್ಲ ಎಂದು ಸಿಕ್ಕಿಂನ ಅರಸರಿಗೆ ಮಾತು ಕೊಟ್ಟಿದ್ದರು. ಅಷ್ಟು ಎತ್ತರದಲ್ಲಿ ನೋಡುವವರು ಯಾರೂ ಇರಲಿಲ್ಲ. ಆರೋಹಣದ ಇತಿಹಾಸದಲ್ಲಿ ಆ ಕೆಲವು ಅಡಿಗಳಷ್ಟು ಅರ್ಥಪೂರ್ಣವಾದ ಖಾಲಿ ಜಾಗ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ಈ ಬರಹ ಪವಿತ್ರತೆಯ ಪರ ವಕಾಲತ್ತಾಗುತ್ತದೆ. ನಮ್ಮ ದೇಶದಲ್ಲಿ ಅದು ಅಪಾಯದ ಕೆಲಸ. ಕೇರಳದ ಅಗಸ್ತ್ಯಕೂಡಂ ಬೆಟ್ಟದ ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. ಅರಣ್ಯ ಇಲಾಖೆ ನಡೆಸುವ ಆ ಚಾರಣಕ್ಕೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಅಗಸ್ತ್ಯಮುನಿ ಬ್ರಹ್ಮಚಾರಿ, ಹೆಂಗಸರು ಹತ್ತಬಾರದು ಎಂಬುದು ಅಲ್ಲಿನ ಕಾಣಿ ಬುಡಕಟ್ಟಿನವರ ನಂಬಿಕೆ. 2018ರಲ್ಲಿ ಕೇರಳ ಹೈಕೋರ್ಟ್ ಲಿಂಗದ ಆಧಾರದ ಮೇಲೆ ತಡೆಯುವಂತಿಲ್ಲ ಎಂದಿತು, 2019ರ ಜನವರಿಯಲ್ಲಿ ಹೆಂಗಸರು ಹತ್ತಿದರು, ಕಾಣಿಗಳು ಪ್ರತಿಭಟಿಸಿದರು. ಇಲ್ಲೂ ಮೂಲನಿವಾಸಿಗಳಿದ್ದಾರೆ, ಇಲ್ಲೂ ಕಥೆಯಿದೆ, ಇಲ್ಲೂ ಸಾರ್ವಜನಿಕ ಭೂಮಿ. ಕರಡಿಯ ಬಂಡೆಯ ಬಳಿ ಮೂಲನಿವಾಸಿಗಳ ಜೊತೆ ನಿಂತ ನಾನು ಇಲ್ಲಿ ನ್ಯಾಯಾಲಯದ ಜೊತೆ ನಿಲ್ಲುತ್ತೇನೆ. ಇದು ಇಬ್ಬಗೆಯ ನೀತಿಯೇ?

ಅಲ್ಲ ಎಂದು ನನ್ನ ಅಭಿಪ್ರಾಯ. ಉತ್ತರ ಮತ್ತೆ ವಾಕ್ಯರಚನೆಯಲ್ಲಿದೆ. ವಯೋಮಿಂಗಿನ ‘ಹತ್ತದಿರಿ’ಯಲ್ಲಿರುವ ‘ನೀವು’ ಎಂದರೆ ಎಲ್ಲರೂ. ಉದ್ಯಾನದ ಸಿಬ್ಬಂದಿಯೂ ಸೇರಿ, ತುರ್ತಿನ ಹೊರತು ಜೂನ್‌ನಲ್ಲಿ ಯಾರೂ ಹತ್ತುವುದಿಲ್ಲ ಎಂಬುದು ಅದರ ಆಶಯ. ಅಗಸ್ತ್ಯಕೂಡಂನ ‘ನೀವು’ ಅರ್ಧ ಜನರಿಗೆ ಮಾತ್ರ. ಅದು ಬೆಟ್ಟವನ್ನು ಹತ್ತುವುದರಿಂದ ಕಾಪಾಡುತ್ತಿಲ್ಲ, ಒಂದು ಬಗೆಯ ದೇಹದಿಂದ ಕಾಪಾಡುತ್ತಿದೆ. ಜಾತಿಯ ಹೆಸರಿನಲ್ಲಿ, ಮುಟ್ಟಿನ ಹೆಸರಿನಲ್ಲಿ ಬಾಗಿಲು ಹಾಕಿದ ನೆನಪು ಇನ್ನೂ ಹಸಿಯಾಗಿರುವ ಸಮಾಜದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಬೆಟ್ಟವೊಂದರ ಕಥೆ ಒಂದೇ ಇರುತ್ತದೆ ಎಂಬ ಖಾತರಿಯೂ ಇಲ್ಲ. ಎರಡು ಪರಂಪರೆಗಳು ಒಟ್ಟಿಗೆ ಬಾಳಿದ ಬಾಬಾಬುಡನ್‌ಗಿರಿಯಲ್ಲಿ ಹೆಸರೇ ಕಲಹವಾದದ್ದನ್ನು ಕಂಡಿದ್ದೇವೆ. ಆದ್ದರಿಂದ ಕಥೆಯ ಬಲದ ಮೇಲೆ ನಿಯಮ ಬರುವುದಾದರೆ ಎರಡು ಪ್ರಶ್ನೆಗಳನ್ನು ಬಿಡುವಂತಿಲ್ಲ. ಹೇಳುತ್ತಿರುವುದು ಯಾರ ಬಾಯಿ? ‘ನೀವು’ ಎಂದರೆ ಯಾರು ಯಾರು?

ಹಾಗಾದರೆ ಕಥೆಯ ಸಹವಾಸವೇ ಬೇಡ, ಅಂಕಿಗಳಲ್ಲಿ ಮಾತಾಡೋಣ ಎನ್ನುವ ದಾರಿಯೂ ಇದೆ. ಕರ್ನಾಟಕ ಈಗ ಹಿಡಿದಿರುವುದು ಆ ದಾರಿಯನ್ನು. 2024ರ ಜನವರಿಯ ಕೊನೆಯಲ್ಲಿ, ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದಲ್ಲಿ ಜಾತ್ರೆಯಂತೆ ನೆರೆದ ಚಾರಣಿಗರ ಚಿತ್ರಗಳು ಎಲ್ಲ ಕಡೆ ಹರಿದಾಡಿದವು. ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳಿಗೆ ತಡೆ ಹಾಕಿತು. ಆಮೇಲೆ ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯೊಡನೆ ದಾರಿಗಳು ತೆರೆದವು. ಮಿತಿ ಬೇಕಿತ್ತು, ಅದರಲ್ಲಿ ಅನುಮಾನವಿಲ್ಲ. ವನ್ಯಜೀವಿ ಧಾಮದೊಳಗಿನ ಒಂದೇ ಕಾಲುದಾರಿ ಸಾವಿರಾರು ಪಾದಗಳನ್ನು ಹೊರಲಾರದು.

ಆದರೆ ಈ ನಿಯಮದ ಪಠ್ಯವನ್ನು ಓದಿದಾಗ ಅಲ್ಲಿ ಬೆಟ್ಟವೇ ಇಲ್ಲ ಎನಿಸುತ್ತದೆ. ದಿನಾಂಕ, ಶುಲ್ಕ, ಗುರುತಿನ ಚೀಟಿ, ಸಂಖ್ಯೆ. ಕುಮಾರಪರ್ವತ ಎಂಬಲ್ಲಿ ಬೇರೆ ಯಾವ ಬೆಟ್ಟದ ಹೆಸರು ಹಾಕಿದರೂ ಒಂದಕ್ಷರ ಬದಲಾಗದು. ತಾರಕನನ್ನು ಕೊಂದ ಕುಮಾರನ ಕಥೆ ಅಲ್ಲಿದೆ. ಆ ಕುಮಾರನನ್ನು ಹಾಲೂಡಿ ಬೆಳೆಸಿದವರು ಕೃತ್ತಿಕೆಯರು, ಕಯೋವಾ ಕಥೆಯ ಕೆಲವು ಹೇಳಿಕೆಗಳಲ್ಲಿ ಬಂಡೆಯಿಂದ ಮೇಲೇರಿದ ಅದೇ ಚುಕ್ಕೆಗಳು. ಕಥೆಯನ್ನು ಬಿಟ್ಟರೂ ಅಲ್ಲಿನ ಶೋಲಾ ಕಾಡಿದೆ, ಹುಲ್ಲುಗಾವಲಿದೆ, ಅಲ್ಲಿ ಹುಟ್ಟಿ ಹರಿಯುವ ನೀರಿದೆ. ಯಾವುದಕ್ಕಾಗಿ ಈ ಮಿತಿ ಎಂದು ನಿಯಮ ಹೇಳುವುದಿಲ್ಲ. ಹೇಳದ ಕಾರಣ ಚಾರಣಿಗ ಅದನ್ನು ಸಿನಿಮಾ ಟಿಕೆಟ್‌ನಂತೆ ನೋಡುತ್ತಾನೆ. ಸಿಕ್ಕರೆ ಅದೃಷ್ಟ, ಸಿಗದಿದ್ದರೆ ಇನ್ನೊಂದು ದಾರಿ.

ಶಿವರಾಮ ಕಾರಂತರ ‘ಬೆಟ್ಟದ ಜೀವ’ ಬಂದದ್ದು 1943ರಲ್ಲಿ. ಸುಬ್ರಹ್ಮಣ್ಯದ ಸುತ್ತಿನ ಇದೇ ಬೆಟ್ಟಸೀಮೆಯಲ್ಲಿ ದಾರಿ ತಪ್ಪಿದ ಒಬ್ಬ ಅಪರಿಚಿತ ಗೋಪಾಲಯ್ಯ, ಶಂಕರಮ್ಮ ದಂಪತಿಯ ಮನೆಯಲ್ಲಿ ಉಳಿಯುತ್ತಾನೆ. ಕಾದಂಬರಿಯಲ್ಲಿ ಬೆಟ್ಟಕ್ಕೆ ಪ್ರವೇಶ ಸಿಗುವುದು ಒಂದು ಮನೆಯ ಮೂಲಕ, ಊಟದ ಮೂಲಕ, ಮಾತಿನ ಮೂಲಕ. ಅತಿಥಿಯಾದವನಿಗೆ ಏನು ಮಾಡಬಾರದು ಎಂದು ಫಲಕ ಹೇಳಬೇಕಿಲ್ಲ. ಲಕ್ಷಗಟ್ಟಲೆ ಚಾರಣಿಗರ ಕಾಲದಲ್ಲಿ ಗೋಪಾಲಯ್ಯನ ಮನೆ ಎಲ್ಲರಿಗೂ ಸಾಲದು, ನಿಜ. ಆ ಮನೆಯನ್ನು ಆದರ್ಶವಾಗಿಸಿ ಇಲಾಖೆಯನ್ನು ಹಳಿಯುವುದು ಸುಲಭದ ವಿಮರ್ಶೆ. ಆದರೂ ಉಲುರುವಿನ ಜನ ಹತ್ತುವವರನ್ನು ಅತಿಥಿಗಳೆಂದು ಕರೆದದ್ದನ್ನು ನೆನೆದರೆ ಒಂದು ಮಾತು ಹೊಳೆಯುತ್ತದೆ. ಪರವಾನಗಿಯ ಚೀಟಿ ಬಂದವರನ್ನು ಎಣಿಸುತ್ತದೆಯೇ ಹೊರತು ಅತಿಥಿಯಾಗಿಸುವುದಿಲ್ಲ. ಅದಕ್ಕೆ ಆ ನೆಲದ ಜನರ ದನಿ ಬೇಕು. ಇಂದಿನ ನಮ್ಮ ಚಾರಣ ನಿಯಮಗಳಲ್ಲಿ ಕಾಡಂಚಿನ ಊರಿನವರು ಎಲ್ಲಿದ್ದಾರೆ? ಹೆಚ್ಚೆಂದರೆ ಮಾರ್ಗದರ್ಶಕನ ದಿನಗೂಲಿಯಲ್ಲಿ.

1995ರ ಆ ಯೋಜನೆ ನನಗೆ ಮಾದರಿಯಲ್ಲ. ಅದು ಅರ್ಧ ಮನಸ್ಸಿನ ಪಠ್ಯ, ಕಾನೂನಿನ ಇಕ್ಕಟ್ಟಿನಲ್ಲಿ ಹುಟ್ಟಿದ್ದು, ಕಸಿದುಕೊಂಡವರ ಬಾಯಲ್ಲಿ ಬಂದದ್ದು. ಆದರೂ ನಾನು ಓದಿರುವ ಇಂಥ ನಿಯಮಗಳಲ್ಲಿ ತನ್ನ ಕಾರಣವನ್ನು ಓದುಗನ ಎದುರು ಇಟ್ಟು, ತೀರ್ಮಾನವನ್ನು ಅವನಿಗೇ ಬಿಟ್ಟದ್ದು ಅದೊಂದೇ. ಕಾರಣ ಕೇಳಿದ ಜನ ಮೊದಲ ಜೂನ್‌ನಲ್ಲೇ ಹಗ್ಗ ಮಡಚಿಟ್ಟರು. ನಮ್ಮ ಬೆಟ್ಟಗಳ ಬುಡದಲ್ಲಿ ಸಂಖ್ಯೆಯ ಮಿತಿ ಇರಲಿ, ಗೂಡು ಕಟ್ಟುವ ಹಕ್ಕಿಗೆ ‘ಕೂಡದು’ ಇರಲಿ. ಅದರ ಜೊತೆಗೆ, ಅಲ್ಲಿ ಬಾಳುವವರು ತಮ್ಮ ಹೆಸರಿನಲ್ಲಿ ಎಲ್ಲರಿಗೂ ಸಮನಾಗಿ ಹೇಳಿದ ಒಂದು ‘ದಿರಿ’ಯೂ, ಏಕೆ ಎಂಬುದಕ್ಕೆ ಒಂದು ‘ಅಂತೆ’ಯೂ ಬೇಕು. ಆ ‘ಅಂತೆ’ ಕಚೇರಿಯದಾಗಿರದೆ ಅಜ್ಜಿಯದಾಗಿದ್ದರೆ ಕೇಳುವವರು ಇರುತ್ತಾರೆ.